ಹನ್ನೆರಡು ಸೆಕೆಂಡಿನ ದನಿ

ಮಾರ್ಚ್ 4, ಬೆಳಿಗ್ಗೆ 7.20

ಹದಿನೇಳು ಮೆಸೇಜ್ ಮುಗಿಯಿತು. ಇನ್ನು ಮೂರು. ದಿನಕ್ಕೆ ಇಪ್ಪತ್ತು ಜನರನ್ನು ಮಾತಾಡಿಸಬೇಕು — ನಾದಿನಿಯ ಕಟ್ಟಪ್ಪಣೆ. ಈ ಪ್ರೋಟೀನ್ ಪುಡಿ ಮಾರುವ ನೆಟ್‌ವರ್ಕಿಗೆ ನನ್ನನ್ನು ಎಳೆದು ತಂದವಳು ಅವಳೇ. ಮೊದಲ ತಿಂಗಳು ಡಬ್ಬಿಯ ಸುದ್ದಿ ಎತ್ತಕೂಡದಂತೆ. ಮೊದಲು ಸಂಬಂಧ, ವ್ಯಾಪಾರ ತಾನಾಗಿ ಹಿಂದೆ ಬರುತ್ತದಂತೆ.

ಟೈಪ್ ಮಾಡಲು ಬೆರಳು ಓಡದು. ಹಾಗಾಗಿ ವಾಯ್ಸ್ ಮೆಸೇಜ್. ಈ ಗೊಗ್ಗರು ದನಿ ಕೇಳಿ ಎಷ್ಟು ಜನ ಬೆಚ್ಚಿದರೋ. ಶಾಲೆಯಲ್ಲಿ ಹಾಡಿಸುವಾಗ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, ಬರೀ ಬಾಯಿ ಆಡಿಸು ಸಾಕು ಎಂದಿದ್ದರು ಟೀಚರ್.

ಮಾರ್ಚ್ 9

ಬೀಗದಂಗಡಿಯವರು ಇವತ್ತೂ ಉತ್ತರಿಸಲಿಲ್ಲ. ಹೋದ ವರ್ಷ ತಾಯಿಗೆಂದು ನಾದಿನಿಯ ಹತ್ತಿರ ಒಂದೇ ಒಂದು ಡಬ್ಬಿ ಕೊಂಡವರು. ನೀಲಿ ಟಿಕ್ ಮಾತ್ರ ತಪ್ಪದೆ ಬೀಳುತ್ತದೆ. ಅದು ಸತ್ತ ನಂಬರು, ತೆಗೆದುಹಾಕಿ ಅತ್ತಿಗೆ ಎಂದಳು ನಾದಿನಿ.

ತೆಗೆಯಲಿಲ್ಲ. ಕೇಳುವವರು ಸುಮ್ಮನಿದ್ದರೆ ಹೇಳುವುದು ಸಲೀಸು. ಅವರಿಗೆ ಕಳಿಸುವಾಗ, ಕೊಟ್ಟ ಸ್ಕ್ರಿಪ್ಟ್ ಓದುವುದನ್ನೇ ಬಿಟ್ಟಿದ್ದೇನೆ. ನಮ್ಮ ಮನೆಯವರು ಫ್ರಿಜ್ ರಿಪೇರಿ ಮಾಡಿ ಎಸೆದ ತಾಮ್ರದ ತಂತಿಯನ್ನು ಒಂದು ಕಾಗೆ ಕದ್ದೊಯ್ದು ಗೂಡು ಕಟ್ಟುತ್ತಿದೆ. ಇವತ್ತು ಅದನ್ನೇ ಹೇಳಿದೆ. ಇವರೂ ಕಾಗೆಯೂ ಹಿತ್ತಲಲ್ಲಿ ಜಗಳಕ್ಕೆ ನಿಂತದ್ದನ್ನೂ...

ಮಾರ್ಚ್ 28, ಬೆಳಿಗ್ಗೆ 8.05

ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೀಗದಂಗಡಿಯವರ ನಂಬರಿನಿಂದ ವಾಯ್ಸ್ ಮೆಸೇಜ್. ಹನ್ನೆರಡು ಸೆಕೆಂಡ್. ಒತ್ತಿದರೆ ಬರೀ ಉಸಿರು. ಫ್ಯಾನಿನ ಸದ್ದು. ಕೊನೆಗೆ ಒಬ್ಬ ಮುದುಕಿಯ ದನಿ, ಒಂದೊಂದು ಅಕ್ಷರವನ್ನೂ ಆಳದ ಬಾವಿಯಿಂದ ಸೇದಿದ ಹಾಗೆ —

“ಕಾ...ಗೆ... ಬಂ...ತಾ?”

ಹಿಂದೆಯೇ ಅವರ ಫೋನ್. ತಾಯಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಂತೆ. ಅವತ್ತಿನಿಂದ ಮಾತು ಹೋಗಿತ್ತಂತೆ. ಒಂದು ದಿನ ನನ್ನ ಮೆಸೇಜ್ ಕೈತಪ್ಪಿ ಜೋರಾಗಿ ಮೊಳಗಿತು, ಅಮ್ಮ ತಲೆ ಎತ್ತಿ ನೋಡಿದರು. ಅಂದಿನಿಂದ ದಿನಾ ಬೆಳಿಗ್ಗೆ ಹಾಸಿಗೆ ಪಕ್ಕ ಫೋನಿಟ್ಟು ಕೇಳಿಸುತ್ತಿದ್ದರಂತೆ.

“ಇದೇ ಮೊದಲನೇ ಮಾತು ಮೇಡಂ,” ಎಂದರು. ಫೋನ್ ಇಟ್ಟುಬಿಟ್ಟರು.

ಒಲೆಯ ಮೇಲೆ ಹಾಲು ಉಕ್ಕಿತು. ನೋಡುತ್ತಲೇ ನಿಂತಿದ್ದೆ. ಇವರು ಓಡಿ ಬಂದರು. ಇವರಿಗೂ ಕೇಳಿಸಿದೆ. ಕೈಯಲ್ಲಿದ್ದ ಸ್ಪ್ಯಾನರ್ ಮೆಲ್ಲಗೆ ಕೆಳಗಿಟ್ಟು, ಇನ್ನೊಂದ್ಸಲ ಹಾಕು ಎಂದರು. ಐದು ಸಲ ಕೇಳಿದೆವು.

ಮಾರ್ಚ್ 30

ಹೋಗಿಬಂದೆ. ಮುಂದೆ ಅಂಗಡಿ, ಗೋಡೆ ತುಂಬ ಕೀಲಿಕೈ. ಹಿಂದೆ ಒಂದು ಕೋಣೆ. ಪುಟ್ಟ ಹೆಂಗಸು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಬಾಗಿಲಲ್ಲಿ ಕೆಮ್ಮಿ, ಬಂದೆ ಅಮ್ಮ ಎಂದೆ. ಮುಖ ಅರಳಿದ್ದನ್ನು ಹೇಗೆ ಬರೆಯಲಿ.

ಹತ್ತಿರ ಕೂರಿಸಿಕೊಂಡರು. ಎಡಗೈ ಎತ್ತಿ ನನ್ನ ಗಂಟಲ ಮೇಲಿಟ್ಟು, ಮಾತಾಡು ಎಂದು ಸನ್ನೆ ಮಾಡಿದರು. ಮಾತಾಡಿದೆ. ದನಿ ಹೊರಡುವ ಜಾಗವನ್ನು ಬೆರಳಲ್ಲಿ ಹುಡುಕುತ್ತಿದ್ದರು. ಯಾರಿಗೂ ಬೇಡವಾಗಿದ್ದ ದನಿ...

ಕಪಾಟಿನ ಮೇಲೆ ನಮ್ಮ ಡಬ್ಬಿ. ಸೀಲ್ ಹಾಗೇ ಇದೆ. ಅಮ್ಮನಿಗೆ ಇಂಥ ಪುಡಿ ಎಂದರೇ ಆಗದಂತೆ. ಮಗ ಸಂಕೋಚದಿಂದ ಹೇಳಿದರು. ವಾರಕ್ಕೆ ಮೂರು ದಿನ ಮಾತು ಕಲಿಸುವ ಥೆರಪಿಸ್ಟ್ ಬರುತ್ತಾರಂತೆ. ಅವರ ಶ್ರಮವೋ, ಕಾಗೆಯೋ, ಕಾಲವೋ. ಯಾರಿಗೆ ಗೊತ್ತು.

ಏಪ್ರಿಲ್ 2

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ನಾದಿನಿಗೆ ಆ ಮೆಸೇಜ್ ಕಳಿಸಿದ್ದೆ. ನನ್ನದೇ ತಪ್ಪು. ಇವತ್ತು ಇನ್ನೂರು ಚಿಲ್ಲರೆ ಜನರ ಗ್ರೂಪಿನಲ್ಲಿ ಅದೇ ದನಿ. ಕೆಳಗೆ ದಪ್ಪಕ್ಷರದಲ್ಲಿ — ಎಂಟು ತಿಂಗಳ ಮೌನ ಮುರಿದ ನಮ್ಮ ಪುಡಿ.

ಫೋನ್ ಮಾಡಿದೆ.

“ಡಬ್ಬಿ ತಗೊಂಡಿದ್ದು ಸುಳ್ಳಾ ಅತ್ತಿಗೆ? ಮಾತು ಬಂದಿದ್ದು ಸುಳ್ಳಾ?”

“ಎರಡೂ ನಿಜ. ಮಧ್ಯೆ ನೀನು ಹಾಕಿರೋ ಗಂಟು ಸುಳ್ಳು.”

ಭಾನುವಾರ ಕಂಪನಿಯ ಸಭೆಯಲ್ಲಿ ಸನ್ಮಾನಕ್ಕೆ ಅವಳನ್ನು ವೇದಿಕೆಗೆ ಕರೆಯುತ್ತಾರಂತೆ. ಮೂರು ವರ್ಷ ಮನೆಮನೆ ಅಲೆದದ್ದಕ್ಕೆ ಈಗ ಸಿಕ್ಕಿದೆಯಂತೆ. ನನ್ನ ಮುಖ ನೋಡಿಯಾದರೂ ಸುಮ್ಮನಿರಿ ಎಂದು ಅತ್ತಳು. ಕೆಟ್ಟವಳಲ್ಲ. ನನ್ನ ಆಪರೇಷನ್ ಆದಾಗ ಹತ್ತು ದಿನ ತಲೆ ಬಾಚಿ, ಬಟ್ಟೆ ಬದಲಿಸಿದವಳು. ಸುಮ್ಮನಾದೆ.

ಮಧ್ಯಾಹ್ನ ಗ್ರೂಪಿನಲ್ಲಿ ಯಾರೋ ಕೇಳಿದ್ದಾರೆ: ನಮ್ಮಪ್ಪನಿಗೂ ಸ್ಟ್ರೋಕ್ ಆಗಿದೆ. ಗುಳಿಗೆ ನಿಲ್ಲಿಸಿ ಇದನ್ನೇ ಕೊಡಬಹುದಾ?

ಏಪ್ರಿಲ್ 3, ಬೆಳಿಗ್ಗೆ 6.40

ಗ್ರೂಪಿಗೆ ಕಳಿಸಿಬಿಟ್ಟೆ. ನನ್ನ ದನಿಯಲ್ಲೇ.

“ಆ ಡಬ್ಬಿ ಮುಚ್ಚಳಾನೇ ತೆಗೆದಿಲ್ಲ. ಕಣ್ಣಾರೆ ನೋಡಿದ್ದೀನಿ. ದಯವಿಟ್ಟು ಯಾರೂ ಗುಳಿಗೆ ನಿಲ್ಲಿಸಬೇಡಿ.”

ಏಳು ನಿಮಿಷ. ಗ್ರೂಪಿನಿಂದ ಹೊರಗೆ. ನಾದಿನಿಗೆ ಫೋನ್ ಹೋಗುತ್ತಿಲ್ಲ. ತಂದೆಯ ವಿಷಯ ಕೇಳಿದ್ದವರು ಮಾತ್ರ ಬೇರೆಯಾಗಿ ಒಂದು ಪದ ಕಳಿಸಿದರು — ಸರಿ.

ಏಪ್ರಿಲ್ 19

ಇಪ್ಪತ್ತು ಜನರ ಪಟ್ಟಿ ಹರಿದೆ. ಬೆಳಿಗ್ಗೆ ಈಗ ಒಂದೇ ಮೆಸೇಜ್, ಬೀಗದಂಗಡಿಯ ಅಜ್ಜಿಗೆ.

ನಾದಿನಿ ಅಣ್ಣನನ್ನು ನೋಡಲು ಬಂದಿದ್ದಳು. ವೇದಿಕೆ ತಪ್ಪಿತಂತೆ. ನನ್ನ ಜೊತೆ ಮಾತಿಲ್ಲ. ಚಹಾ ಕುಡಿದಳು, ಲೋಟ ತಾನೇ ತೊಳೆದಿಟ್ಟಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಆ ಅಜ್ಜಿ ಈಗ ಹೇಗಿದ್ದಾರೆ ಎಂದು ಕೇಳಿದಳು — ನನ್ನನ್ನಲ್ಲ, ಅಣ್ಣನನ್ನು. ನನಗೆ ಕೇಳಿಸುವಷ್ಟು ಜೋರಾಗಿ.

ಏಪ್ರಿಲ್ 26, ಬೆಳಿಗ್ಗೆ 7.30

ಅಜ್ಜಿಯೇ ಫೋನ್ ಮಾಡಿದ್ದಾರೆ. ಮೆಸೇಜ್ ಅಲ್ಲ, ಫೋನ್.

“ಇವತ್ತು... ನಾ... ಹೇಳ್ತೀನಿ. ನೀ... ಸುಮ್ನಿರು.”

ಸುಮ್ಮನಿದ್ದೇನೆ. ಫೋನ್ ಎಡಗಿವಿಗೆ, ಪೆನ್ನು ಬಲಗೈಯಲ್ಲಿ. ಇಪ್ಪತ್ತು ನಿಮಿಷಕ್ಕೆ ಮೂರು ವಾಕ್ಯ. ಹತ್ತೊಂಬತ್ತು ವರ್ಷದ ಸೊಸೆಯಾಗಿದ್ದಾಗಿನ ಕಥೆ. ಬೀಗದ ಕೆಲಸದ ಮಾವ ಊರಲ್ಲಿಲ್ಲ. ಯಾರದೋ ಮನೆಯ ಕಬ್ಬಿಣದ ಪೆಟ್ಟಿಗೆ ಅಂಗಡಿಗೆ ಬಂತು, ನಲವತ್ತು ವರ್ಷದಿಂದ ತೆರೆದಿಲ್ಲ. ಯಾರೂ ಕಲಿಸಿರಲಿಲ್ಲ, ಆದರೂ ಅಜ್ಜಿಯೇ ತೆರೆದರು.

“ಒಳಗೆ... ನೋಡಿದ್ರೆ... ಒಂದು...”

ಅಲ್ಲಿಗೆ ನಿಂತಿದೆ. ಪದ ಸಿಗುತ್ತಿಲ್ಲ. ನಾವಾಗಿ ಪದ ಕೊಡಬಾರದು, ಕಾಯಬೇಕು ಎಂದಿದ್ದಾರಂತೆ ಥೆರಪಿಸ್ಟ್. ಕಾಯುತ್ತಿದ್ದೇನೆ. ನಾಲ್ಕು ನಿಮಿಷ. ಇವರೂ ಬಂದು ಪಕ್ಕದಲ್ಲಿ ನಿಂತಿದ್ದಾರೆ. ಅಜ್ಜಿ ಬಿಟ್ಟುಕೊಟ್ಟಿಲ್ಲ. ಹುಡುಕುತ್ತಿದ್ದಾರೆ, ಆ ಕಡೆಯ ಉಸಿರಿನಲ್ಲೇ ಗೊತ್ತಾಗುತ್ತದೆ. ಐದು ನಿಮಿಷ. ತುಟಿ ಬಿಚ್ಚಿದ ಸದ್ದು... ಈಗ —