ಬೇಕಂತಲೇ ಹೇಳಿದ ತಪ್ಪು

ರೀ,

ನೀವು ಎಲ್ಲಿದ್ದೀರೋ, ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತೆ.

ನಾಳೆ ಮಗಳಿಗೆ ವಿಜ್ಞಾನದ ಪರೀಕ್ಷೆ. ಏನೂ ತಲೆಗೆ ಹತ್ತುತ್ತಿಲ್ಲ ಅಂತ ಸಂಜೆಯಿಂದ ಅಳ್ತಾ ಕೂತಿದ್ದಳು. "ಅಪ್ಪನ ಥರ ಹೇಳಿಕೊಡಮ್ಮ" ಅಂದಳು. ನೀವು ಬೇಕಂತಲೇ ತಪ್ಪು ಹೇಳೋದು, ಅವಳು ಅದನ್ನ ಹಿಡಿಯೋದು, ಅದೇ ಆಟ. ನನಗೋ ವಿಜ್ಞಾನದ ಗಂಧಗಾಳಿ ಇಲ್ಲ. ಹೊಲಿಗೆ ಮಿಷನ್ ಬಿಟ್ಟೆದ್ದು, ಪುಸ್ತಕದಲ್ಲಿದ್ದ ಸಾಲುಗಳನ್ನೇ ಉಲ್ಟಾ ಮಾಡಿ ಹೇಳಿದೆ.

"ಬೆಳಕಿಗಿಂತ ಶಬ್ದವೇ ಬೇಗ ಓಡುತ್ತೆ."

"ತಪ್ಪು!"

"ನಿಂಬೆರಸ ಆಮ್ಲ ಅಲ್ಲ."

"ತಪ್ಪು!"

"ಗಿಡಗಳು ಉಸಿರಾಡಲ್ಲ."

"ತಪ್ಪಮ್ಮಾ!" ಅಂತ ಜೋರಾಗಿ ನಕ್ಕಳು ರೀ. ನೀವು ಮನೆ ಬಿಟ್ಟು ಹೋದಮೇಲೆ ಅವಳು ನಕ್ಕಿದ್ದು ಇವತ್ತೇ.

ನನ್ನ ಹಾಳು ಬಾಯಿ ಅಷ್ಟಕ್ಕೇ ಸುಮ್ಮನಿರಬೇಕಲ್ಲ! "ನಿಮ್ಮಪ್ಪ ಇನ್ನು ಬರಲ್ಲ" ಅಂದುಬಿಟ್ಟೆ.

ತಪ್ಪು ಅನ್ನೇ ನನ್ನ ತಾಯಿ, ಒಂದೇ ಒಂದು ಸಲ ಅನ್ನೇ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಕಾದೆ.

ಅವಳು ಪುಸ್ತಕದ ಹಾಳೆ ಮಗುಚಿದಳು.

"ಅದು ಸರಿಯಾಗೇ ಇದೆಯಲ್ಲಮ್ಮ. ತಪ್ಪಿರೋದು ಹೇಳು."