ಖಾಲಿ ಹೊಟ್ಟೆಯ ಕಾಫಿ

ಹಾಸನ, ನವೆಂಬರ್ ೧೪, ಶುಕ್ರವಾರ

ಕೊಣನೂರಿನ ಹೆಂಗಸರ ಮೇಲೆ ನಾನು ಮಾಡಿದ, ರಕ್ತದ ಸಕ್ಕರೆ ಏರಿದಾಗ ಜೀವಕೋಶಗಳಿಗಾಗುವ ಹಾನಿಯ (ಆಕ್ಸಿಡೇಟಿವ್ ಸ್ಟ್ರೆಸ್) ಸಂಶೋಧನೆಯನ್ನು ನಮ್ಮ ವಿಭಾಗದ ಮುಖ್ಯಸ್ಥ ಪಟ್ಟಾಭಿರಾಮ ಸರ್ ನಾಳೆ ಮೈಸೂರಿನ ಸಮ್ಮೇಳನದಲ್ಲಿ ತಮ್ಮ ಹೆಸರಿನಲ್ಲೇ ಮಂಡಿಸುತ್ತಾರಂತೆ. ಕೇಳಿದ್ದಕ್ಕೆ, "ನೀನಿನ್ನೂ ಚಿಕ್ಕವಳಮ್ಮ, ಮುಂದೆ ಅವಕಾಶ ಬರುತ್ತೆ" ಎಂದರು. ಮೈಯೆಲ್ಲ ಉರಿದುಹೋಯಿತು.

ಅವರು ಎತ್ತಿಕೊಂಡಿರುವುದು ಮೊದಲ ಸಲದ ರಕ್ತಪರೀಕ್ಷೆಯ ಫಲಿತಾಂಶ. ಆ ಹೆಂಗಸರಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದೆ. ಆದರೂ ಎಲ್ಲರಿಗೂ ಸಕ್ಕರೆ ಏರಿತ್ತು. ಆಮೇಲೆ ಅವರಲ್ಲೊಬ್ಬರಾದ ಲಕ್ಕಮ್ಮ ಬಾಯಿಬಿಟ್ಟರು: "ಏನೂ ತಿಂದಿರ್ನಿಲ್ಲ ಕಣವ್ವ, ಎಲ್ರೂ ಬೆಲ್ಲದ್ ಕಾಪಿ ಕುಡ್ಕಂಡ್ ಬಂದಿದ್ವಿ ಅಷ್ಟೆ." ಮತ್ತೆ ಕರೆಸಿ ರಕ್ತ ತೆಗೆದೆ. ಸರಿಯಾದ ಅಂಕಿಗಳು ನನ್ನ ಹತ್ತಿರ ಮಾತ್ರ ಇವೆ.

ಸರ್ ಅವರನ್ನು ಎಚ್ಚರಿಸಬಹುದಿತ್ತು, ಎಚ್ಚರಿಸಲಿಲ್ಲ. ನಾಳೆ ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಚಪ್ಪಾಳೆ ಮುಗಿಯಲಿ. ಆಮೇಲೆ ಕೈಯೆತ್ತಿ, ತುಂಬ ವಿನಯದಿಂದ ಕೇಳುತ್ತೇನೆ: ಸರ್, ಖಾಲಿ ಹೊಟ್ಟೆ ಅಂದರೆ ಕಾಫಿ ಕುಡಿದೋ, ಕುಡಿಯದೆಯೋ?