ಪ್ರಯಾಣಿಕರ ಚೀಟಿ

ಸಮಾಲೂತ್ ಪಕ್ಕದ ನಮ್ಮ ಹಳ್ಳಿ, ಮಿನ್ಯಾ
ಭಾನುವಾರ, ಮಾರ್ಚ್ ೧೭

ನನ್ನ ಮುದ್ದು ವಹೀಬ್,

ಹೇಗಿದ್ದೀಯ? ಬೆನ್ನುನೋವು ಇಳಿಯಿತಾ? ಅಮ್ಮಾನ್‌ನಲ್ಲಿ ಇನ್ನೂ ಚಳಿಯಂತೆ. ನಾನು ಹೆಣೆದ ಹಸಿರು ಸ್ವೆಟರ್ ಹಾಕಿಕೋ, ಒಂದು ತೋಳು ಉದ್ದವಾಗಿದ್ದರೆ ಮಡಚಿಕೋ, ಕಲ್ಲು ಕೂರಿಸುವ ಕೆಲಸದಲ್ಲಿ ನಿನ್ನ ತೋಳನ್ನು ಯಾರು ನೋಡುತ್ತಾರೆ! ನಾನು ಚೆನ್ನಾಗಿದ್ದೇನೆ, ಹತ್ತು ದಿನದ ಸಂಸಾರ ಮಾಡಿ ಗಂಡನನ್ನು ಕಳಿಸಿಕೊಟ್ಟವಳು ಇರಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಚೆನ್ನಾಗಿದ್ದೇನೆ, ಹೊಟ್ಟೆಕಿಚ್ಚುಪಡು. ಫೋನಿನಲ್ಲಿ ಏನೂ ಹೇಳುವ ಹಾಗಿಲ್ಲ. ಅತ್ತೆ ಪಕ್ಕದಲ್ಲೇ ಕೂತು "ಸ್ಪೀಕರ್ ಹಾಕೇ, ನಾನೇನು ಕಿವುಡೀನಾ?" ಅನ್ನುತ್ತಾರೆ. ಅದಕ್ಕೇ ಕಾಗದ, ನಿನ್ನ ಚಿಕ್ಕಪ್ಪನ ಮಗನ ಕೈಯಲ್ಲಿ, ಕಪ್ಪು ಬೆಲ್ಲದ ಡಬ್ಬಿಯ ಜೊತೆ.

ಹಾಲು-ತುಪ್ಪ ಮುಟ್ಟಬಾರದ ದೊಡ್ಡ ಉಪವಾಸದ ಮೊದಲ ದಿನವೇ ನಾನು ಮಾನ ಕಳೆದುಕೊಂಡೆ. ಅವರೆಗೆ ತುಪ್ಪದ ಒಗ್ಗರಣೆ ಹಾಕಿಬಿಟ್ಟೆ! ಅತ್ತೆ ಪಾತ್ರೆಯನ್ನು ಮೂಸಿದರು, ನನ್ನನ್ನು ನೋಡಿದರು, ಹಾಗೇ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಹುಸೇನನ ಅಮ್ಮನಿಗೆ ಕೊಟ್ಟುಬಂದರು. "ಇಂಗ್ಲಿಷ್ ಶಾಲೇಲಿ ಸನ್ಯಾಸಿನಿಯರು ಎಲ್ಲಾ ಕಲಿಸಿದ್ರು, ಹಸಿವು ಒಂದು ಬಿಟ್ಟು" ಅಂದರು. ಹುಸೇನನ ಅಮ್ಮ ಈಗ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ "ಸೊಸೆ ಇವತ್ತೇನೂ ತಪ್ಪು ಮಾಡಲಿಲ್ವಾ?" ಎಂದು ವಿಚಾರಿಸುತ್ತಾರೆ.

ಇನ್ನು ನೀನು ಹೇಳಿಹೋದ ಕೆಲಸ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಎಷ್ಟು ಸಲೀಸಾಗಿ ಹೇಳಿದೆ ನೀನು: ಅಣ್ಣನ ಜೊತೆ ಹೋಗಿದ್ದ ಗಿರ್ಗಿಸ್ ಲಿಬಿಯಾದಿಂದ ಜೀವಸಹಿತ ಬಂದವನು, ದೋಣಿ ಮುಳುಗಿದ್ದನ್ನು ಕಣ್ಣಾರೆ ಕಂಡವನು, ಅಣ್ಣ ಶನೂದಾ ಇನ್ನಿಲ್ಲ ಎಂದು ನನಗೊಬ್ಬನಿಗೇ ಹೇಳಿದ್ದಾನೆ, ಅಮ್ಮನಿಗೆ ಗೊತ್ತಾದರೆ ಅಂದೇ ಹೋಗಿಬಿಡುತ್ತಾಳೆ, ಅವಳಿಗೆ ಓದು ಬಾರದು, ಇನ್ನು ಮೇಲೆ ಚರ್ಚಿನಲ್ಲಿ ಪ್ರಾರ್ಥನೆಗೆ ಕೊಡುವ ಹೆಸರಿನ ಚೀಟಿ ಬರೆಯುವವಳು ನೀನು, ಅಣ್ಣನ ಹೆಸರನ್ನು ಪ್ರಯಾಣಿಕರ ಚೀಟಿಯಿಂದ ತೆಗೆದು ತೀರಿಹೋದವರ ಚೀಟಿಗೆ ಹಾಕು, ಅವನ ಪಾಲಿನ ಪ್ರಾರ್ಥನೆಯಾದರೂ ಅವನಿಗೆ ಸಿಗಲಿ. ಹೂಂ ಅಂದೆ. ಹೊಸ ಹೆಂಡತಿ ಇನ್ನೇನು ಅನ್ನುತ್ತಾಳೆ?

ನಿನ್ನೆ ಬರೆದೆ. ನನ್ನ ಅರಬ್ಬಿ ಕೋಳಿಕಾಲಿನ ಬರಹ ಅಂತ ನೀನೇ ನಗುತ್ತೀಯ, ಶನೂದಾ ಎಂದು ಬರೆಯುವಾಗ ಕೈ ನಡುಗಿ ಅದು ಕೋಳಿಗೂ ಅರ್ಥವಾಗದ ಹಾಗಾಯಿತು. ನಾನು ಕಾಣದ ಮನುಷ್ಯ. ಆದರೆ ಇಡೀ ಊರು ಇವತ್ತಿಗೂ ಅತ್ತೆಯನ್ನು "ಶನೂದಾನ ಅಮ್ಮಾ" ಎಂದೇ ಕೂಗುತ್ತದೆ, ದಿನಕ್ಕೆ ಇಪ್ಪತ್ತು ಸಲ.

ಇವತ್ತು ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಅತ್ತೆ ಎರಡೂ ಚೀಟಿಗಳನ್ನು ಬಿಡಿಸಿ ಬೆಳಕಿಗೆ ಹಿಡಿದರು. ಓದು ಬಾರದವರು, ನೋಡಿಕೊಳ್ಳಲಿ ಎಂದು ನಾನು ತಲೆವಸ್ತ್ರ ಸರಿಮಾಡುತ್ತ ನಿಂತಿದ್ದೆ. "ಇದೇನೇ ಹುಡುಗಿ, ನನ್ನ ಇಬ್ಬರು ಮಕ್ಕಳು ದಾರೀಲಿದ್ದಾರೆ, ಇಲ್ಲಿ ಒಂದೇ ಸಾಲಿದೆ?" ಆಮೇಲೆ ಇನ್ನೊಂದನ್ನು ನೋಡಿದರು. ಮಾವ, ಅಜ್ಜಿ, ಎರಡಿರಬೇಕಾದಲ್ಲಿ ಮೂರು. ಅಕ್ಷರ ಬಾರದಿದ್ದರೇನು, ಸಾಲು ಎಣಿಸಲು ಬರುತ್ತದಲ್ಲ ವಹೀಬ್! ಇದನ್ನು ನಾವಿಬ್ಬರೂ ಯೋಚಿಸಲೇ ಇಲ್ಲ. ಅವರು ಚೀಟಿಗಳನ್ನು ಮಡಚಿ, ಒಂದೊಂದನ್ನೂ ಅದರದರ ಪೆಟ್ಟಿಗೆಗೇ ಹಾಕಿದರು. ಪಾದ್ರಿ ಅಬೂನಾ ಮತಿಯಾಸ್ ತೀರಿಹೋದವರ ಹೆಸರು ಓದುವಾಗ, ಮಂಡಿನೋವೆಂದು ಯಾವಾಗಲೂ ಕೂತೇ ಇರುವ ಅತ್ತೆ ಎದ್ದು ನಿಂತರು. ಮೂರೂ ಹೆಸರು ಮುಗಿಯುವವರೆಗೆ ನಿಂತಿದ್ದರು. ಮನೆಗೆ ಬಂದು "ಈರುಳ್ಳಿ ಹೆಚ್ಚು" ಅಂದರು, ಅಷ್ಟೇ. ಹೆಚ್ಚಿದೆ. ಅಳುವುದಕ್ಕೆ ಒಳ್ಳೆಯ ನೆಪ.

ಕಣ್ಣಿಗೆ ಬಿದ್ದರೂ ಮನಸ್ಸಿಗೆ ಹತ್ತಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೇನೆ. ನೀನೂ ಹಾಗೇ ಅಂದುಕೋ. ಅತ್ತೆಯ ಆಶೀರ್ವಾದ, ಹುಸೇನನ ಅಮ್ಮನ ಸಲಾಮು, ನನ್ನದು ಎಲ್ಲಾ, ಎಲ್ಲಾ.

ಉದ್ದ ತೋಳು ಹೆಣೆದವಳು,
ನಿನ್ನ ಇರೀನಿ

ಮರೆತ ಮಾತಲ್ಲ, ಈಗ ಆದ ಮಾತು: ಲಕೋಟೆ ಅಂಟಿಸುವಾಗ ಅತ್ತೆ ಬಂದು ಎದುರಿಗೆ ಕೂತರು. ಅವರಿಗೆ ಗೊತ್ತು, ವಹೀಬ್. ಒಂದು ವರ್ಷದಿಂದ ಗೊತ್ತು. ಗಿರ್ಗಿಸ್ ಮೊದಲು ಬಂದದ್ದು ಅವರ ಹತ್ತಿರ. "ವಹೀಬನ ಮದುವೆ ಗೊತ್ತಾಗೋವರೆಗೆ ಅವನಿಗೆ ಹೇಳಬೇಡಪ್ಪಾ" ಎಂದು ಅವನ ಕೈ ಹಿಡಿದುಕೊಂಡಿದ್ದರಂತೆ. "ಅಣ್ಣ ಹೋದಾಗಿಂದ ನನ್ನ ಮಗ ಚರ್ಚಿನ ಹೊರಗೇ ಸಿಗರೇಟು ಹಿಡಿದು ನಿಲ್ತಾನೆ. ಆ ಹೆಸರು ಪ್ರಯಾಣಿಕರ ಚೀಟೀಲಿ ಇದ್ದದ್ದು ಅವನಿಗೋಸ್ಕರ, ನನಗೋಸ್ಕರ ಅಲ್ಲ" ಅಂದರು. ಹಾಗಾದರೆ ನೀವು ಹೇಗೆ ತಡೆದುಕೊಂಡಿರಿ ಎಂದು ಕೇಳಿದೆ. "ಕಡೇ ದಿನ ಸಮುದ್ರವೂ ತಾನು ಇಟ್ಟುಕೊಂಡವರನ್ನ ಬಿಟ್ಟುಕೊಡಬೇಕು ಅಂತ ಅಬೂನಾ ಓದ್ತಾರಲ್ಲೇ. ನಾನು ಕಾಯ್ತೀನಿ. ಕಾಯೋದು ನನಗೇನು ಹೊಸದಾ?" ಒಂದು ಹನಿ ಕಣ್ಣೀರಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದರು. ಅವರು ಹೇಳಿಕಳಿಸುವುದು ಇಷ್ಟು: ಅಮ್ಮಾನ್‌ನಲ್ಲೂ ನಮ್ಮವರ ಚರ್ಚಿದೆ. ಬರುವ ಭಾನುವಾರ ಒಳಗೆ ಹೋಗು, ಅಣ್ಣನ ಹೆಸರನ್ನು ನಿನ್ನ ಕೈಯಾರೆ ತೀರಿಹೋದವರ ಚೀಟಿಯಲ್ಲಿ ಬರೆದು ಹಾಕು, ಆಮೇಲೆ ಫೋನ್ ಮಾಡು, ಸ್ಪೀಕರ್ ಬೇಡವಂತೆ. ಬರೆಯುವಾಗ ಕೈ ನಡುಗಿದರೆ ನಡುಗಲಿ. ನನ್ನ ಬರಹವನ್ನೇ ಅಬೂನಾ ಓದಿದರು.